ಕ್ಲೈಂಟಿಗೊಂದು, ಊರಿಗೊಂದು

“ಲೋ, ನೀನು ಮಾಡಿರೋ ಆ್ಯಪು ಬರೀ ಬಟನ್, ಬಟನ್ ಅಂತದೆ ಕಣೋ. ಯಾವ ಬಟನ್ನು ಅಂತ ಹೇಳಲ್ಲ.”

ಚಿಕ್ಕಪ್ಪ ಹೀಗೆ ಫೋನ್ ಮಾಡಿದಾಗ ನಾನು ಆಫೀಸ್ ಕ್ಯಾಬಿನಲ್ಲಿ ಮಾರತ್ತಹಳ್ಳಿ ಸೇತುವೆ ಹತ್ತಿರ ಸಿಕ್ಕಿಹಾಕಿಕೊಂಡಿದ್ದೆ. ಮೊದಲು ನಗು ಬಂತು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. “ಕೊನೆಗೆ ಅಂಗಡಿ ಹುಡುಗನ ಕೈಗೆ ಫೋನ್ ಕೊಟ್ಟು ಪಿನ್ ಹೇಳ್ದೆ. ಅವನು ನೋಡಿ, ಇಷ್ಟಿದೆ ಸಾರ್ ಅಂತ ಜೋರಾಗಿ ಅಂದ. ಜಗಲಿ ಮೇಲೆ ನಾಲ್ಕು ಜನ ಕೂತಿದ್ರು. ಈಗ ನನ್ನ ಅಕೌಂಟಲ್ಲಿ ಎಷ್ಟಿದೆ ಅಂತ ಊರಿಗೇ ಗೊತ್ತು.”

ನನ್ನ ನಗು ಅಲ್ಲಿಗೆ ನಿಂತಿತು.

ಚಿಕ್ಕಪ್ಪ ತಿಪಟೂರು ಸೀಮೆಯ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು. ನನಗೆ ಅ ಆ ಇ ಈ ತಿದ್ದಿಸಿದ್ದೂ ಅವರೇ. ಊರಲ್ಲಿ ಯಾರಿಗೆ ಪತ್ರ ಬಂದರೂ, ಬ್ಯಾಂಕಿಂದ ನೋಟಿಸ್ ಬಂದರೂ ಅವರ ಹತ್ತಿರ ಓದಿಸಿಕೊಳ್ಳೋಕೆ ಬರೋರು. ಓದಿ ಹೇಳೋದಷ್ಟೇ ಅಲ್ಲ, ಓದಿದ್ದನ್ನು ಇನ್ನೊಬ್ಬರ ಮುಂದೆ ಬಾಯಿಬಿಡಲ್ಲ ಅನ್ನೋ ನಂಬಿಕೆಯೂ ಅವರ ಮೇಲೆ ಊರಿಗಿತ್ತು. ಗ್ಲಾಕೋಮದಿಂದ ರಿಟೈರ್ ಆಗೋ ಹೊತ್ತಿಗೆ ಅರ್ಧ, ಆಮೇಲಿನ ಕೆಲವೇ ವರ್ಷಗಳಲ್ಲಿ ಪೂರ್ತಿ ಕಣ್ಣು ಹೋಯಿತು. ಒಂದು ದೀಪಾವಳಿ ರಜೆಯಲ್ಲಿ ಅವರ ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿಕೊಟ್ಟಿದ್ದು ನಾನೇ. ಬೆರಳಿಟ್ಟ ಜಾಗದಲ್ಲಿ ಏನಿದೆ ಅಂತ ಅದು ಓದಿ ಹೇಳುತ್ತೆ. ಒಂದು ಸಲ ಸವರಿದರೆ ಮುಂದಿನದಕ್ಕೆ ಹೋಗುತ್ತೆ, ಎರಡು ಸಲ ತಟ್ಟಿದರೆ ಒತ್ತಿದ ಹಾಗೆ. ಮೊದಲ ವಾರ ನನ್ನನ್ನು ಬೈದರು. ಮೂರು ತಿಂಗಳಾಗುವಷ್ಟರಲ್ಲಿ ಅದರ ಮಾತಿನ ವೇಗವನ್ನು ಎಷ್ಟು ಏರಿಸಿಕೊಂಡಿದ್ದರು ಅಂದರೆ, ಪಕ್ಕದಲ್ಲಿ ಕೂತ ನನಗೆ ಒಂದು ಪದವೂ ಹಿಡಿಯುತ್ತಿರಲಿಲ್ಲ. ವಾಟ್ಸಾಪ್, ಯೂಟ್ಯೂಬ್, ಮಕ್ಕಳಿಗೆ ಫೋನು, ಎಲ್ಲ ಅವರೇ ಮಾಡಿಕೊಳ್ಳೋರು. ನಮ್ಮ ಟೀಮು ಒಂದು ಹಣಕಾಸು ಸಂಸ್ಥೆಗೆ ಮಾಡಿಕೊಟ್ಟ ಆ್ಯಪನ್ನು ‘ನಮ್ಮ ಹುಡುಗ ಮಾಡಿದ್ದು’ ಅಂತ ಹೆಮ್ಮೆಯಿಂದ ಹಾಕಿಸಿಕೊಂಡಿದ್ದರು. ಅದೇ ಅವರನ್ನು ಅಂಗಡಿ ಜಗಲಿಗೆ ತಂದು ನಿಲ್ಲಿಸಿತು.

ಆ ರಾತ್ರಿ ಮನೆಗೆ ಹೋಗಿ ಕೋಡ್ ತೆಗೆದು ನೋಡಿದೆ. ಆಂಡ್ರಾಯ್ಡ್‌ನಲ್ಲಿ ಒಂದು ಐಕಾನ್ ಹಾಕಿ, ಅದು ಏನು ಅಂತ ಪದಗಳಲ್ಲಿ ಬರೆಯದೇ ಬಿಟ್ಟರೆ ಆಂಡ್ರಾಯ್ಡ್ ಸ್ಟುಡಿಯೋನೇ ಹಳದಿ ಬಣ್ಣದಲ್ಲಿ ಎಚ್ಚರಿಸುತ್ತೆ: ಇದಕ್ಕೆ ಕಂಟೆಂಟ್ ಡಿಸ್ಕ್ರಿಪ್ಷನ್ ಇಲ್ಲ. ನಮ್ಮ ಹೋಮ್ ಸ್ಕ್ರೀನಿನಲ್ಲಿ ಬ್ಯಾಲೆನ್ಸ್, ಪಾಸ್‌ಬುಕ್, ಹಣ ಕಳಿಸೋದು, ಎಲ್ಲ ಸೇರಿ ಎಂಟು ಐಕಾನ್ ಇದ್ದವು. ಎಂಟಕ್ಕೂ ಎಚ್ಚರಿಕೆ ಬಂದಿರಬೇಕು. ಎಂಟಕ್ಕೂ ಯಾರೋ ‘ಇಗ್ನೋರ್’ ಅಂತ ಒಂದು ಸಾಲು ಬರೆದು ಬಾಯಿ ಮುಚ್ಚಿಸಿದ್ದರು. ಕೋಡಿನ ಯಾವ ಸಾಲನ್ನು ಯಾರು ಬರೆದರು ಅಂತ ತೋರಿಸೋ ಕಮ್ಯಾಂಡಿನ ಹೆಸರು ಗಿಟ್ ಬ್ಲೇಮ್. ಬ್ಲೇಮ್ ಮಾಡಿದೆ. ನನ್ನದೇ ಹೆಸರು ಬಂತು.

ಗೊತ್ತಿಲ್ಲದೆ ಮಾಡಿದೆ ಅಂತ ಹೇಳೋ ಹಾಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಅದಕ್ಕೆ ಮುಂಚಿನ ಎರಡು ವರ್ಷ ನಾನಿದ್ದದ್ದು ಅಮೆರಿಕದ ಒಂದು ಅಂಗಡಿ ಸರಣಿಯ ವೆಬ್‌ಸೈಟ್ ಪ್ರಾಜೆಕ್ಟಿನಲ್ಲಿ. ಅಲ್ಲಿ ಆಲ್ಟ್ ಟೆಕ್ಸ್ಟ್ ಇಲ್ಲದ ಒಂದೇ ಒಂದು ಚಿತ್ರ ಹೋದರೂ ಬಿಲ್ಡ್ ಫೇಲ್ ಆಗುತ್ತಿತ್ತು. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ 4.5ಕ್ಕೆ 1ರ ಕಾಂಟ್ರಾಸ್ಟ್ ಇಲ್ಲ ಅಂತ ಡಿಸೈನರ್ ಜೊತೆ ಅರ್ಧ ದಿನ ಜಗಳ ಆಡಿದ್ದೀನಿ. ಮೌಸ್ ಮುಟ್ಟದೆ ಬರೀ ಟ್ಯಾಬ್ ಒತ್ತಿಕೊಂಡು ಸಾಮಾನು ಆರಿಸಿ, ದುಡ್ಡು ಕಟ್ಟೋವರೆಗೆ ಹೋಗಲು ಆಗುತ್ತಾ ಅಂತ ಪ್ರತಿ ರಿಲೀಸಿಗೂ ಪರೀಕ್ಷೆ. ಬೆಂಗಳೂರಿನ ಅದೇ ಕಟ್ಟಡ, ಅದೇ ಕ್ಯಾಂಟೀನ್ ಕಾಫಿ, ಅದೇ ಎರಡು ಕೈ. ಕ್ಲೈಂಟ್ ಬದಲಾದ, ನಾನೂ ಬದಲಾದೆ.

ಅಮೆರಿಕದ ಕ್ಲೈಂಟುಗಳು ಇದರಲ್ಲಿ ಇಷ್ಟು ಕಟ್ಟುನಿಟ್ಟಾಗಿರೋದು ಅವರ ಮನಸ್ಸು ಮೃದು ಅಂತಲ್ಲ. ಅಲ್ಲಿ ಕೇಸು ಬೀಳುತ್ತೆ. 2006ರಲ್ಲಿ ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟ ಟಾರ್ಗೆಟ್ ಕಂಪನಿಯ ಮೇಲೆ ದಾವೆ ಹೂಡಿತು. 2008ರಲ್ಲಿ ಕಂಪನಿ 60 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. 2016ರಲ್ಲಿ ದೃಷ್ಟಿ ಇಲ್ಲದ ಗ್ರಾಹಕರೊಬ್ಬರು ಸ್ಕ್ರೀನ್ ರೀಡರ್ ಬಳಸಿ ಪಿಜ್ಜಾ ಆರ್ಡರ್ ಮಾಡಲು ಆಗಲಿಲ್ಲ ಅಂತ ಡಾಮಿನೋಸ್ ಮೇಲೆ ಕೋರ್ಟಿಗೆ ಹೋದರು. ಕಂಪನಿಯ ಮೇಲ್ಮನವಿಯನ್ನು 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲೇ ಇಲ್ಲ. ಯುರೋಪಿನಲ್ಲೂ 2025ರ ಜೂನ್ 28ರಿಂದ ಇಂಥದ್ದೇ ಕಾಯ್ದೆ ಜಾರಿಯಲ್ಲಿದೆ. ಹಾಗಂತ ಅಲ್ಲೆಲ್ಲ ರಾಮರಾಜ್ಯ ಅಂತಲ್ಲ. ಯೂಟಾ ಸ್ಟೇಟ್ ಯೂನಿವರ್ಸಿಟಿಯ ವೆಬ್‌ಏಮ್ ಅನ್ನೋ ಸಂಸ್ಥೆ ವರ್ಷಾವರ್ಷ ಹತ್ತು ಲಕ್ಷ ವೆಬ್‌ಸೈಟುಗಳ ಮುಖಪುಟ ಪರೀಕ್ಷೆ ಮಾಡುತ್ತೆ. 2025ರ ಎಣಿಕೆಯಲ್ಲಿ ಶೇ. 94.8ರಷ್ಟರಲ್ಲಿ ತಪ್ಪು ಸಿಕ್ಕಿವೆ. ಆದರೆ ಅಲ್ಲಿ ತಪ್ಪಿಗೆ ತಪ್ಪು ಅಂತ ಹೆಸರಿದೆ. ಇಲ್ಲಿ ಅದನ್ನು ‘ಎನ್‌ಹಾನ್ಸ್‌ಮೆಂಟ್’ ಅಂತ ಕರೆದು ಮುಂದಿನ ಸ್ಪ್ರಿಂಟಿಗೆ ತಳ್ಳುತ್ತೀವಿ. ಆ ಮುಂದಿನ ಸ್ಪ್ರಿಂಟು ಯಾವತ್ತೂ ಬರಲ್ಲ.

ನಮ್ಮ ಕಡೆ ಉಂಡೆ ಕೊಬ್ಬರಿ ಆರಿಸುವಾಗ ಒಳ್ಳೇದು ಮಂಡಿಗೆ ಹೋಗುತ್ತೆ, ಕೌಟು ಹಿಡಿದದ್ದು ಮನೆಗೆ ಉಳಿಯುತ್ತೆ. ರೈತನಿಗೆ ಬೇರೆ ದಾರಿ ಇರಲ್ಲ. ಬೆಂಗಳೂರಲ್ಲಿ ಕೂತು ಕೋಡ್ ಬರೆಯೋ ನಮಗೆ ದಾರಿ ಇತ್ತು. ಒಳ್ಳೇದು ಮಾಡೋದು ನಮಗೆ ಬರುತ್ತೆ, ದಿನಾ ಮಾಡಿ ಹೊರದೇಶಕ್ಕೆ ಕಳಿಸುತ್ತೀವಿ. ಮನೆಯವರಿಗೆ ಕೌಟು ಸಾಕು ಅಂದುಕೊಂಡಿದ್ದೀವಿ, ಅಷ್ಟೇ.

ಈ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಸ್ಕ್ರೀನ್ ರೀಡರ್ ಅನ್ನೋ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತೆ. ಅದು ಸ್ಕ್ರೀನನ್ನು ನೋಡೋದಿಲ್ಲ, ಅದರ ಹಿಂದಿರುವ ಕೋಡನ್ನು ಓದುತ್ತೆ. ನಾವು ಕೋಡಿನಲ್ಲಿ ‘ಇದು ಶೀರ್ಷಿಕೆ’ ಅಂತ ಹೇಳಿದ್ದರೆ ಅದೂ ಶೀರ್ಷಿಕೆ ಅನ್ನುತ್ತೆ. ಬರೀ ಅಕ್ಷರ ದಪ್ಪ ಮಾಡಿದ್ದರೆ ಅದಕ್ಕೆ ಎಲ್ಲ ಸಾಲೂ ಒಂದೇ. ನಾವು ಪೇಪರ್ ತೆಗೆದು ತಲೆಬರಹಗಳ ಮೇಲೆ ಕಣ್ಣಾಡಿಸೋ ಹಾಗೆ, ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಬಳಸುವವರು ಎಚ್ ಕೀಲಿ ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ನೆಗೆಯುತ್ತಾರೆ. ಶೀರ್ಷಿಕೆಗಳೇ ಇಲ್ಲದಿದ್ದರೆ ಮೊದಲ ಸಾಲಿನಿಂದ ಕೊನೆವರೆಗೆ ಎಲ್ಲ ಕೇಳಿಸಿಕೊಂಡು ಕೂರಬೇಕು. ಬಟನ್ನಿಗೆ ನಿಜವಾದ ಬಟನ್ ಬಳಸದೆ, ಒಂದು ಡಿವ್‌ಗೆ ಬಣ್ಣ ಬಳಿದು ಕ್ಲಿಕ್ ಕಟ್ಟಿದರೆ ಕಣ್ಣಿಗೆ ಎರಡೂ ಒಂದೇ. ಕಿವಿಗೆ ಒಂದು ಬಟನ್ನು, ಇನ್ನೊಂದು ಬರೀ ಪದ. ಇದಕ್ಕೆಲ್ಲ 1999ರಿಂದಲೇ ವೆಬ್ ಕನ್ಸಾರ್ಷಿಯಂ ನಿಯಮಾವಳಿ ಮಾಡಿಟ್ಟಿದೆ. ವಿಂಡೋಸ್‌ಗೆ ಪುಕ್ಕಟೆ ಸಿಗುವ ಎನ್‌ವಿಡಿಎಯನ್ನು ಆಸ್ಟ್ರೇಲಿಯಾದ ಇಬ್ಬರು ಗೆಳೆಯರು 2006ರಲ್ಲಿ ಶುರು ಮಾಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅಂದರೆ ಪರೀಕ್ಷೆ ಮಾಡಿ ನೋಡೋಕೆ ನಮಗೆ ಒಂದು ರೂಪಾಯಿಯೂ ಬೇಡ.

ಒಂದು ಶನಿವಾರ ಆ ಪರೀಕ್ಷೆ ಮಾಡಿಯೇಬಿಟ್ಟೆ. ಲ್ಯಾಪ್‌ಟಾಪ್ ಸ್ಕ್ರೀನ್ ಕತ್ತಲು ಮಾಡಿ, ಎನ್‌ವಿಡಿಎ ಹಾಕಿ, ನಾನು ದಿನಾ ಓದೋ ಕನ್ನಡದ ಜಾಲತಾಣಗಳನ್ನು ಕಿವಿಯಲ್ಲಿ ಓದಲು ಕೂತೆ. ಒಂದು ದಿನ ಸ್ಕ್ರೀನ್ ಆರಿಸಿದರೆ ಕಣ್ಣಿಲ್ಲದವರ ಕಷ್ಟ ಗೊತ್ತಾಗಿಬಿಡುತ್ತೆ ಅಂತ ಹೇಳುತ್ತಿಲ್ಲ, ಬೇಜಾರಾದಾಗ ನಾನು ಬ್ರೈಟ್‌ನೆಸ್ ಏರಿಸಿಕೊಂಡೆ. ಆದರೆ ಇಂಗ್ಲಿಷ್ ಸೈಟಿನಲ್ಲಿ ಕಾಣದ, ನಮ್ಮದೇ ಅನ್ನಬಹುದಾದ ಕೆಲವು ಕಾಯಿಲೆ ಕಂಡವು.

ಮೊದಲನೆಯದು, ಅಕ್ಷರವನ್ನೇ ಚಿತ್ರ ಮಾಡೋ ಚಟ. ಕನ್ನಡದಲ್ಲಿ ಒಂದು ಸುತ್ತೋಲೆ ಬಂದರೆ ಅದು ಸ್ಕ್ಯಾನ್ ಮಾಡಿದ ಪಿಡಿಎಫ್. ಒಂದು ಕವಿತೆ ಹಂಚಿಕೊಂಡರೆ ಸೂರ್ಯಾಸ್ತದ ಫೋಟೋ ಮೇಲೆ ಬರೆದ ಸಾಲು. ಚಿಕ್ಕಪ್ಪ ದಿನಾ ಕಾಯೋ ಕೊಬ್ಬರಿ ಧಾರಣೆ ವಾಟ್ಸಾಪ್ ಗುಂಪಿಗೆ ಬರೋದು ಒಂದು ಫೋಟೋ ಆಗಿ. ಟೈಪ್ ಮಾಡಿದ ಒಂದು ಟೇಬಲ್ ಆಗಿದ್ದರೆ ಆವಕ ಎಷ್ಟು, ಕನಿಷ್ಠ, ಗರಿಷ್ಠ, ಮಾದರಿ ಬೆಲೆ ಎಷ್ಟು ಅಂತ ಒಂದೊಂದಾಗಿ ಕೇಳಬಹುದಿತ್ತು. ಫೋಟೋ ಆದರೆ ಫೋನು ‘ಫೋಟೋ’ ಅಂದು ಸುಮ್ಮನಾಗುತ್ತೆ. ಈಗ ಎಐ ಬಂದಿದೆಯಲ್ಲ, ಫೋಟೋನೂ ಓದಿ ಹೇಳುತ್ತಲ್ಲ ಅಂತ ನೀವು ಕೇಳಬಹುದು. ಹೌದು, ಹೇಳುತ್ತೆ, ಎಷ್ಟೋ ಜನಕ್ಕೆ ಉಪಕಾರವೂ ಆಗಿದೆ. ಆದರೆ ಕ್ವಿಂಟಲ್ ಬೆಲೆಯಲ್ಲಿ ಒಂದು ಅಂಕಿ ತಪ್ಪು ಓದಿದರೆ ಅದನ್ನು ಹಿಡಿಯೋಕೆ ಬೇಕಾಗೋದು ಕಣ್ಣೇ. ಟೈಪ್ ಮಾಡಿದ್ದನ್ನೇ ಫೋಟೋ ಮಾಡಿ, ಫೋಟೋವನ್ನು ಮತ್ತೆ ಅಕ್ಷರ ಮಾಡೋಕೆ ಇನ್ನೊಂದು ಯಂತ್ರ ಕಟ್ಟೋದು ಎಂಥ ಎಂಜಿನಿಯರಿಂಗ್?

ಎರಡನೆಯದು, ಹಳೇ ಫಾಂಟುಗಳ ಸಾಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. ಆದರೂ ನಮ್ಮ ಕಚೇರಿಗಳ, ಪ್ರೆಸ್ಸುಗಳ ಎಷ್ಟೋ ಕಡತ ಇವತ್ತಿಗೂ ಹಳೆಯ ಆಸ್ಕಿ ಫಾಂಟುಗಳಲ್ಲಿವೆ. ಅವುಗಳಲ್ಲಿ ಕನ್ನಡ ಅನ್ನೋದು ಮೇಲಿನ ವೇಷ ಮಾತ್ರ. ಒಳಗೆ ಇರೋದು ಇಂಗ್ಲಿಷಿನ, ಯುರೋಪಿನ ಚಿಹ್ನೆಗಳು. ನುಡಿಯ ಹಳೇ ಫಾಂಟಿನಲ್ಲಿ ‘ಕನ್ನಡ’ ಅಂತ ಬರೆದದ್ದನ್ನು ಕಂಪ್ಯೂಟರ್ ಹೇಗೆ ಇಟ್ಟುಕೊಂಡಿರುತ್ತೆ ಗೊತ್ತಾ? ಪಿ, ತಲೆ ಮೇಲೆ ಗೀಟಿರೋ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನಿನ ಒಂದು ಅಕ್ಷರ, ಕ್ಯೂ, ಮತ್ತೆ ಅದೇ ಎ. ಸ್ಕ್ರೀನ್ ರೀಡರಿನ ಕಿವಿಗೆ ಬೀಳೋದು ಇದೇ. ಮುಂದೆ ನವೆಂಬರ್ ಒಂದರಂದು ಭಾಷಣ ಕೇಳುವಾಗ ಇದು ನೆನಪಿರಲಿ.

ಮೂರನೆಯದು ಇನ್ನೂ ಮಜಾ. ನಮ್ಮಲ್ಲಿ ಅನುಸ್ವಾರವೂ ದುಂಡಗೆ, ಸೊನ್ನೆಯೂ ದುಂಡಗೆ. ಹಾಗಾಗಿ ‘ಬೆಂಗಳೂರು’ ಅಂತ ಟೈಪ್ ಮಾಡುವಾಗ ಎಷ್ಟೋ ಜನ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತುತ್ತಾರೆ. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಯಂತ್ರದ ಪಾಲಿಗೆ ಅದು ಬೆ, ಆಮೇಲೆ ಒಂದು ಸೊನ್ನೆ, ಆಮೇಲೆ ಗಳೂರು. ಹಳೇ ಬರಹಗಳಲ್ಲಿ ಇಂಥ ಸೊನ್ನೆಗಳು ಪುಟಕ್ಕೆ ಹತ್ತಾರು ಸಿಗುತ್ತವೆ. ಹುಡುಕಿದರೂ ಅವು ಸಿಗದೇ ಇರೋದಕ್ಕೆ ಇದೇ ಕಾರಣ, ಅಂದರೆ ಕಣ್ಣಿರೋರಿಗೂ ನಷ್ಟವೇ.

ನಾಲ್ಕನೆಯದು ನಮ್ಮ ಎಂಜಿನಿಯರುಗಳ ಕೈಚಳಕ. ಪುಟದ ಮೊದಲ ಸಾಲಿನಲ್ಲಿ ಇದು ಯಾವ ಭಾಷೆ ಅಂತ ಹೇಳಬೇಕು. ಆಗ ಸ್ಕ್ರೀನ್ ರೀಡರ್ ಆ ಭಾಷೆಯ ದನಿಗೆ ಬದಲಾಗುತ್ತೆ. ಕನ್ನಡಕ್ಕೆ ಸಂಕೇತ ‘ಕೆಎನ್’. ಅರ್ಧ ಸೈಟುಗಳಲ್ಲಿ ಟೆಂಪ್ಲೇಟ್ ಜೊತೆ ಬಂದ ಇಂಗ್ಲಿಷ್ ಸಂಕೇತವೇ ಹಾಗೇ ಉಳಿದಿತ್ತು. ಒಂದು ಕಡೆ ಪಾಪ ಯಾರೋ ಕಾಳಜಿಯಿಂದ ಬದಲಾಯಿಸಿದ್ದರು, ಆದರೆ ‘ಕೆಎ’ ಅಂತ ಬರೆದಿದ್ದರು. ನಮ್ಮ ಗಾಡಿಗಳ ನಂಬರ್ ಪ್ಲೇಟಿಗೆ ಅದು ಸರಿ. ಭಾಷೆಗಳ ಪಟ್ಟಿಯಲ್ಲಿ ‘ಕೆಎ’ ಅಂದರೆ ಜಾರ್ಜಿಯಾ ದೇಶದ ಜಾರ್ಜಿಯನ್. ಆ ಪುಟ ನೋಡೋರಿಗೆ ಅಚ್ಚಗನ್ನಡ. ಯಂತ್ರಕ್ಕೆ ಕಾಕಸಸ್ ಬೆಟ್ಟದ ಭಾಷೆ.

ಇದರ ಜೊತೆಗೆ ಸಣ್ಣಪುಟ್ಟವು ಬೇಕಾದಷ್ಟು. ಒಂದೇ ಪುಟದಲ್ಲಿ ಹದಿನಾರು ಸಲ ‘ಇನ್ನಷ್ಟು ಓದಿ’. ಲಿಂಕುಗಳ ಪಟ್ಟಿ ತೆಗೆದರೆ ಹದಿನಾರು ‘ಇನ್ನಷ್ಟು ಓದಿ’ ಸಾಲಾಗಿ ನಿಂತಿರುತ್ತವೆ, ಏನನ್ನು ಓದಬೇಕು ಅಂತ ಗೊತ್ತಿಲ್ಲ. ರಾಜ್ಯೋತ್ಸವದ ಶುಭಾಶಯದಲ್ಲಿ ಇಪ್ಪತ್ತು ಹಳದಿ ಕೆಂಪು ಹೃದಯ. ಅಷ್ಟನ್ನೂ ಅದು ಯೆಲ್ಲೋ ಹಾರ್ಟ್, ರೆಡ್ ಹಾರ್ಟ್ ಅಂತ ಒಂದೊಂದಾಗಿ ಎಣಿಸಿ ಹೇಳಿ, ಕೊನೆಗೆ ಶುಭಾಶಯಕ್ಕೆ ಬರುತ್ತೆ. ಓರೆಕೋರೆ ಅಕ್ಷರ ಗುರುತಿಸಿ ನೀವು ಮನುಷ್ಯರು ಅಂತ ಸಾಬೀತು ಮಾಡಿ ಅನ್ನೋ ಕ್ಯಾಪ್ಚಾ, ಅದಕ್ಕೆ ಕೇಳುವ ಬದಲಿ ಇಲ್ಲ. ಕಣ್ಣಿದ್ದರೆ ಮಾತ್ರ ಮನುಷ್ಯರು ಅಂತ ಇದರ ಅರ್ಥ.

ಇದನ್ನೆಲ್ಲ ಆಫೀಸಿನಲ್ಲಿ ಎತ್ತಿದಾಗ ಪ್ರಾಡಕ್ಟ್ ಮ್ಯಾನೇಜರ್ ಕೇಳಿದ ಪ್ರಶ್ನೆ, “ನಮ್ಮ ಯೂಸರುಗಳಲ್ಲಿ ಇಂಥವರು ಎಷ್ಟು ಜನ ಇದ್ದಾರೆ? ಡೇಟಾ ಇದೆಯಾ?” ನ್ಯಾಯವಾದ ಪ್ರಶ್ನೆ ಥರ ಕೇಳುತ್ತೆ. ದೇಶದ ಲೆಕ್ಕ ಬೇಕಾದರೆ, 2011ರ ಜನಗಣತಿಯಲ್ಲೇ ದೃಷ್ಟಿದೋಷ ಇರುವವರ ಸಂಖ್ಯೆ 50 ಲಕ್ಷ ದಾಟಿತ್ತು. ಆದರೆ ನಮ್ಮ ಸೈಟಿನ ಲೆಕ್ಕ? ವೆಬ್‌ಸೈಟಿಗೆ ಬಂದವರು ಸ್ಕ್ರೀನ್ ರೀಡರ್ ಬಳಸುತ್ತಿದ್ದಾರಾ ಅಂತ ಬ್ರೌಸರ್ ಹೇಳೋದಿಲ್ಲ, ಹೇಳಬಾರದು ಕೂಡ. ಅದು ಅವರ ಖಾಸಗಿ ವಿಷಯ. ಇನ್ನು ಮೊದಲ ಪುಟದಲ್ಲೇ ಸೋತು ವಾಪಸ್ ಹೋದವರು ಯಾವ ಡ್ಯಾಶ್‌ಬೋರ್ಡಿನಲ್ಲಿ ಕಾಣಬೇಕು? ನಮ್ಮೂರ ಗೇಟಿನಲ್ಲಿ ಎಕ್ಸ್‌ಪ್ರೆಸ್ ಬಸ್ಸು ನಿಲ್ಲುತ್ತಿರಲಿಲ್ಲ. ಯಾಕೆ ಅಂದರೆ, ಇಲ್ಲಿ ಹತ್ತೋರೇ ಇಲ್ಲ ಅನ್ನೋರು. ನಿಲ್ಲದ ಬಸ್ಸಿಗೆ ಹತ್ತೋದಾದರೂ ಹೇಗೆ?

ಕಾನೂನು ಇಲ್ಲವಾ ಅಂದರೆ, ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು. ಸರ್ಕಾರಿ ಇರಲಿ ಖಾಸಗಿ ಇರಲಿ, ಸೇವೆ ಕೊಡುವವರು ಅದನ್ನು ಎಲ್ಲರಿಗೂ ಎಟುಕುವಂತೆ ಕೊಡಬೇಕು ಅಂತ ಅದರಲ್ಲಿದೆ. ನಿಯಮಗಳು 2017ರಲ್ಲಿ ಬಂದವು, ಎರಡು ವರ್ಷದ ಗಡುವೂ ಇತ್ತು. ಗಡುವು ಮುಗಿದು ವರ್ಷಗಳೇ ಆದವು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಕಾಯ್ದೆ ಕಡ್ಡಾಯ ಅನ್ನುತ್ತೆ, ಆದರೆ 15ನೇ ನಿಯಮ ಬರೀ ಸಲಹೆಯ ಧಾಟಿಯಲ್ಲಿದೆ, ಇದು ಕಾಯ್ದೆಗೇ ವಿರುದ್ಧ. 2025ರ ಏಪ್ರಿಲ್ 30ರಂದು ಅದೇ ಕೋರ್ಟು ಡಿಜಿಟಲ್ ಕೆವೈಸಿ ಬಗ್ಗೆ ತೀರ್ಪು ಕೊಟ್ಟಿತು. ಕೆವೈಸಿಗೆ ಕಣ್ಣು ಮಿಟುಕಿಸಿ ಅಂದರೆ ಮಿಟುಕಿಸಲಾಗದ ಆ್ಯಸಿಡ್ ದಾಳಿ ಸಂತ್ರಸ್ತರು, ಕಣ್ಣು ಕಾಣದ ವಕೀಲರೊಬ್ಬರು ಕೋರ್ಟಿಗೆ ಹೋಗಿದ್ದರು. ಡಿಜಿಟಲ್ ಸೇವೆ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದ ಕೋರ್ಟು, 20 ನಿರ್ದೇಶನ ಕೊಟ್ಟಿತು. ಅಂದರೆ ಇನ್ನು ಮುಂದೆ ನಮ್ಮಲ್ಲೂ ಕೇಸು ಬೀಳಬಹುದು. ಆಗ ಎಲ್ಲ ಕಂಪನಿಗಳೂ ಓಡಿ ಬರುತ್ತವೆ. ಆ ಓಟದಲ್ಲಿ ಅಗ್ಗದ ದಾರಿ ಹಿಡಿಯುತ್ತಾರೆ ಅನ್ನೋದೇ ನನ್ನ ಭಯ.

ಅಗ್ಗದ ದಾರಿ ನೀವೂ ನೋಡಿರುತ್ತೀರಿ. ಪುಟದ ಮೂಲೆಯಲ್ಲಿ ಒಂದು ನೀಲಿ ಉಂಡೆ, ಒಳಗೆ ಕೈ ಚಾಚಿದ ಮನುಷ್ಯನ ಗುರುತು. ಒತ್ತಿದರೆ ಅಕ್ಷರ ದೊಡ್ಡದಾಗುತ್ತೆ, ಬಣ್ಣ ಬದಲಾಗುತ್ತೆ. ಕಣ್ಣು ಕಾಣದವರಿಗೆ ಅಕ್ಷರ ದೊಡ್ಡದಾಗಿ ಆಗಬೇಕಾದ್ದೇನು? ಒಳಗಿನ ಕೋಡು ಮೊದಲಿನ ಹಾಗೇ ಮೂಕ. ಒಂದು ಸಾಲಿನ ಕೋಡಿನಿಂದ ನಿಮ್ಮ ಸೈಟು ಎಲ್ಲ ನಿಯಮಕ್ಕೂ ಸರಿಹೋಗುತ್ತೆ ಅಂತ ಪ್ರಚಾರ ಮಾಡಿದ್ದ ಆ್ಯಕ್ಸೆಸಿಬಿ ಅನ್ನೋ ಕಂಪನಿಗೆ ಅಮೆರಿಕದ ವ್ಯಾಪಾರ ಆಯೋಗ 2025ರ ಜನವರಿಯಲ್ಲಿ 10 ಲಕ್ಷ ಡಾಲರ್ ಕಟ್ಟಲು ಹೇಳಿತು. ಬಾಗಿಲಿಗೆ ಬೀಗ ಹಾಕಿ, ಪಕ್ಕದಲ್ಲಿ ‘ಸುಸ್ವಾಗತ’ ಅಂತ ಬೋರ್ಡ್ ನೇತುಹಾಕಿದ ಹಾಗೆ.

ಕನ್ನಡಿಗರಿಗೆ ಕಣ್ಣಿಲ್ಲದವರ ಬಗ್ಗೆ ಗೌರವ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಗದುಗಿನ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಫೋಟೋ ಎಷ್ಟು ಮನೆಗಳ ಗೋಡೆ ಮೇಲಿದೆ. ಆದರೆ ನಮ್ಮ ಗೌರವಕ್ಕೆ ಒಂದು ಅಭ್ಯಾಸ ಇದೆ: ಅವರು ಹಾಡಬೇಕು, ನಾವು ಕೈಮುಗಿಯಬೇಕು. ಅವರೇ ಕರೆಂಟ್ ಬಿಲ್ ಕಟ್ಟಬೇಕು, ರೈಲು ಟಿಕೆಟ್ ಮಾಡಬೇಕು, ಯಾರಿಗೂ ಹೇಳದೆ ತಮ್ಮ ಬ್ಯಾಲೆನ್ಸ್ ನೋಡಿಕೊಳ್ಳಬೇಕು ಅಂದರೆ ನಮಗೆ ಹೊಳೆಯೋದೇ ಇಲ್ಲ. ‘ಮನೆಯಲ್ಲಿ ಯಾರಾದರೂ ಮಾಡಿಕೊಡ್ತಾರಲ್ಲ’ ಅಂತೀವಿ. ನಾನು ಆ ಎಂಟು ‘ಇಗ್ನೋರ್’ ಬರೆಯುವಾಗ ಇಷ್ಟೂ ಯೋಚಿಸಿರಲಿಲ್ಲ. ರಿಲೀಸ್ ಶುಕ್ರವಾರ ಇತ್ತು.

ಕೊನೆಗೆ ನಾನು ಮಾಡಿದ್ದು ದೊಡ್ಡ ಕ್ರಾಂತಿಯೇನಲ್ಲ. ಜಿರಾದಲ್ಲಿ ಟಿಕೆಟ್ ಹಾಕುವಾಗ ‘ಎನ್‌ಹಾನ್ಸ್‌ಮೆಂಟ್’ ಬದಲು ‘ಬಗ್’ ಅಂತ ಹಾಕಿದೆ. ಗ್ರಾಹಕರೊಬ್ಬರು ತಮ್ಮ ಹಣ ತಾವು ನೋಡೋಕೆ ಆಗುತ್ತಿಲ್ಲ ಅಂದರೆ ಅದು ಬಗ್ ಅಲ್ಲದೆ ಇನ್ನೇನು ಅಂತ ಮೀಟಿಂಗಿನಲ್ಲಿ ಕೇಳಿದೆ. ಯಾರೂ ಎದುರಾಡಲಿಲ್ಲ. ಹೋಮ್ ಸ್ಕ್ರೀನಿನ ಎಂಟು ಐಕಾನಿಗೆ ಹೆಸರಿಡಲು ಹಿಡಿದದ್ದು ಇಪ್ಪತ್ತು ನಿಮಿಷ. ಲೇಬಲ್ಲುಗಳನ್ನು ಚಿಕ್ಕಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. “‘ಖಾತೆಯ ಶಿಲ್ಕು ವೀಕ್ಷಣೆ ಬಟನ್’ ಅಂತೆಲ್ಲ ಯಾಕೋ? ಬಟನ್ ಅಂತ ಫೋನೇ ಹೇಳ್ತದಲ್ಲ, ನೀನು ಬೇರೆ ಹೇಳಿದ್ರೆ ಎರಡು ಸಲ ಆಗ್ತದೆ. ‘ಬ್ಯಾಲೆನ್ಸ್ ನೋಡಿ’ ಅಂತ ಹಾಕು, ಸಾಕು” ಅಂದರು. ಮೇಷ್ಟ್ರು ಮೇಷ್ಟ್ರೇ. ನಿಯಮಾವಳಿಯ ಪಾಠವೂ ಅದೇ: ಹೆಸರು ನೀನು ಕೊಡು, ಅದು ಬಟನ್ನೋ ಲಿಂಕೋ ಅಂತ ಯಂತ್ರ ಹೇಳುತ್ತೆ.

ಪಿನ್ ಒತ್ತೋ ಕೀಪ್ಯಾಡು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಂಕಿಗಳನ್ನು ಜೋರಾಗಿ ಓದಿದರೆ ಪಕ್ಕದವರಿಗೆ ಕೇಳಿಸುತ್ತೆ ಅಂತ ಸೆಕ್ಯುರಿಟಿ ಟೀಮಿನವರ ತಕರಾರು. ಅಂಗಡಿ ಹುಡುಗನಿಗೆ ಪಿನ್ ಹೇಳೋದಕ್ಕಿಂತ ಇಯರ್‌ಫೋನಿನಲ್ಲಿ ಕೇಳೋದು ಅಪಾಯವಾ ಅಂತ ನಾನು. ಎರಡು ರಿಲೀಸು ಇದರಲ್ಲೇ ಹೋಯಿತು. ಒಟಿಪಿಗೆ ಕೊಡೋ ಮೂವತ್ತು ಸೆಕೆಂಡನ್ನು ಹೆಚ್ಚಿಸೋ ಮಾತು ಇನ್ನೂ ಮೇಲ್‌ಗಳಲ್ಲೇ ಓಡಾಡುತ್ತಿದೆ. ನಮ್ಮ ಕಂಪನಿಯ ಉಳಿದ ಆ್ಯಪುಗಳನ್ನು ಯಾರೂ ಇನ್ನೂ ಕಿವಿಯಲ್ಲಿ ಓದಿ ನೋಡಿಲ್ಲ.

ಕೀಪ್ಯಾಡ್ ಸರಿಹೋದ ಹೊಸ ಆವೃತ್ತಿ ಬಂದ ವಾರ ಚಿಕ್ಕಪ್ಪ ಫೋನ್ ಮಾಡಿದರು. ಇಯರ್‌ಫೋನ್ ಹಾಕಿಕೊಂಡು, ಮನೆ ಒಳಗೆ ಕೂತು, ಅವರೇ ಪಿನ್ ಒತ್ತಿ ನೋಡಿದರಂತೆ. ನನಗೆ ಖುಷಿ ತಡೆಯಲಾಗಲಿಲ್ಲ. “ಹೌದಾ! ಎಷ್ಟಿದೆ ಚಿಕ್ಕಪ್ಪ?” ಅಂದುಬಿಟ್ಟೆ.

“ಅದು ನಿನಗ್ಯಾಕೋ?” ಅಂದರು.